ಕರಿ ಕಂಬಳಿ ಹಿಂದೆ ಅಲ್ಲ, ಪಕ್ಕಕ್ಕೆ

ನಾನು ತೆಗೆದ ಬಯಲಾಟದ ಪಾತ್ರಧಾರಿಗಳ ಫೋಟೊ ನೋಡಿದವರು ಮೊದಲು ಕೇಳುವುದು, "ಹಿಂದಿನ ಕಪ್ಪು ಪರದೆ ಎಲ್ಲಿ ತಂದ್ರಿ?" ಅಂತ. ಪರದೆ ಇಲ್ಲವೇ ಇಲ್ಲ. ಹಿಂದೆ ಇರುವುದು ಸುಣ್ಣ ಬಳಿದ ಗೋಡೆ. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಆಟಕ್ಕೆ ಮುಂಚೆ ಗುಡಿಯ ಪಡಸಾಲೆಯಲ್ಲೋ ಶಾಲೆಯ ಕೋಣೆಯಲ್ಲೋ ಕೂತು ಬಣ್ಣ ಹಚ್ಚಿಕೊಳ್ಳುತ್ತಾರೆ. ಅಲ್ಲೇ ಒಂದು ಮೂಲೆ ಕೇಳಿಕೊಂಡು ಫೋಟೊ ತೆಗೆಯುತ್ತೇನೆ.

ಮೊದಲು ಕ್ಯಾಮೆರಾಗೆ ಕೋಣೆ ಕಾಣದ ಹಾಗೆ ಮಾಡಬೇಕು. ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) 100, ಶಟರ್ ವೇಗ 1/200 ಸೆಕೆಂಡ್, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8. ಫ್ಲ್ಯಾಶ್ ಇಲ್ಲದೆ ಒಂದು ಫೋಟೊ ಹೊಡೆದರೆ ಪೂರ್ತಿ ಕಪ್ಪು ಬರಬೇಕು. ಟ್ಯೂಬ್‌ಲೈಟ್ ಉರಿಯುತ್ತಿದ್ದರೂ ಪರವಾಗಿಲ್ಲ. ಶಟರ್ ವೇಗ ಇನ್ನೂ ಜಾಸ್ತಿ ಮಾಡಲು ಹೋದರೆ, ಫ್ಲ್ಯಾಶ್ ಹೊಡೆದಾಗ ಹಲವು ಕ್ಯಾಮೆರಾಗಳಲ್ಲಿ ಫೋಟೊದ ಒಂದು ಅಂಚಿಗೆ ಕಪ್ಪು ಪಟ್ಟಿ ಬೀಳುತ್ತದೆ.

ಆಮೇಲೆ ಒಂದೇ ಒಂದು ಫ್ಲ್ಯಾಶ್, 60 ಸೆಂಟಿಮೀಟರ್ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೆದುವಾಗಿಸುವ ಬಿಳಿ ಬಟ್ಟೆ ಮುಖದ ಪೆಟ್ಟಿಗೆ) ಒಳಗೆ. ಮುಖಕ್ಕೆ 2 ಅಡಿ ದೂರದಲ್ಲಿ ಇಡುತ್ತೇನೆ. ಗೋಡೆ ಆ ಬೆಳಕಿನಿಂದ 16 ಅಡಿ ದೂರ ಇದ್ದರೆ, ಮುಖಕ್ಕೆ ಬಿದ್ದ ಬೆಳಕಿನ 64ನೇ ಒಂದು ಪಾಲು ಮಾತ್ರ ಗೋಡೆ ಮುಟ್ಟುತ್ತದೆ. ಅಂದ್ರೆ 6 ಸ್ಟಾಪ್ ಕಡಿಮೆ; ಒಂದೊಂದು ಸ್ಟಾಪ್‌ಗೆ ಬೆಳಕು ಅರ್ಧ ಆಗುತ್ತದೆ. ಸಾಫ್ಟ್‌ಬಾಕ್ಸ್ ಮುಂದೆ ಗ್ರಿಡ್ (ಬೆಳಕು ಪಕ್ಕಕ್ಕೆ ಚೆಲ್ಲದಂತೆ ತಡೆಯುವ ಜಾಲರಿ) ಕಟ್ಟಿ, ಅದರ ಬಾಯಿ ಗೋಡೆಯ ಕಡೆ ನೋಡದ ಹಾಗೆ ತಿರುಗಿಸಿದರೆ ಉಳಿದ ಬೂದು ಬಣ್ಣವೂ ಹೋಗುತ್ತದೆ. ಕೋಣೆ ಚಿಕ್ಕದಾಗಿದ್ದರೆ ಬಾಗಿಲು ತೆಗೆದು, ಹೊರಗಿನ ಕತ್ತಲನ್ನೇ ಹಿನ್ನೆಲೆ ಮಾಡಿಕೊಳ್ಳುತ್ತೇನೆ.

ಕಂಬಳಿ ಬೇಕಾಗುವುದು ಪಕ್ಕಕ್ಕೆ. ಸುಣ್ಣದ ಗೋಡೆ ಬೆಳಕನ್ನು ವಾಪಸ್ ಎಸೆಯುತ್ತದೆ, ಮುಖದ ನೆರಳಿನ ಭಾಗ ತೊಳೆದಿಟ್ಟ ಹಾಗೆ ಪೇಲವ ಆಗುತ್ತದೆ. ಅದಕ್ಕೆ ಆ ಬದಿಗೆ, ಕೆನ್ನೆಯ ಹತ್ತಿರವೇ, ಯಾರಾದರೂ ಕರಿ ಕಂಬಳಿ ಹಿಡಿದು ನಿಲ್ಲಬೇಕು. ಸ್ಯಾಟಿನ್ ಬಟ್ಟೆ ಮಿಂಚುತ್ತದೆ, ಬೇಡ. ಒರಟು ಉಣ್ಣೆ ಬೆಳಕನ್ನು ನುಂಗಿಬಿಡುತ್ತದೆ. ಹಳ್ಳಿಯಲ್ಲಿ ಕಂಬಳಿಗೇನು ಬರವೇ? ಸ್ತ್ರೀ ಪಾತ್ರವಾದರೆ ನೆರಳು ತಿಳಿಯಾಗಲಿ ಅಂತ ಕಂಬಳಿ ತೆಗೆಸಿ ಬಿಳಿ ಥರ್ಮೋಕೋಲ್ ಹಿಡಿಸುತ್ತೇನೆ. ರಾಕ್ಷಸ ಪಾತ್ರಕ್ಕೆ ಮಾತ್ರ ಅರ್ಧ ಮುಖ ಕತ್ತಲಲ್ಲೇ ಇರಲಿ.

ನಿಜವಾದ ತಲೆನೋವು ಕಿರೀಟ. ಸ್ಟುಡಿಯೊದಲ್ಲಿ ಕಲಿತಂತೆ ಬೆಳಕನ್ನು 45 ಡಿಗ್ರಿ ಪಕ್ಕಕ್ಕೆ, 45 ಡಿಗ್ರಿ ಮೇಲಕ್ಕೆ ಇಟ್ಟರೆ ಕಿರೀಟದ ಅಂಚಿನ ನೆರಳು ಸೀದಾ ಕಣ್ಣಿನ ಮೇಲೆ ಬೀಳುತ್ತದೆ. ಹಾಗಾಗಿ ಸ್ಟ್ಯಾಂಡ್ ಇಳಿಸುತ್ತಾ ಬರುತ್ತೇನೆ. ಎರಡೂ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಕಂಡ ಕೂಡಲೇ ನಿಲ್ಲಿಸುತ್ತೇನೆ. ನೆರಳಿನ ಬದಿಯ ಕೆನ್ನೆ ಮೇಲೆ, ಕಣ್ಣಿನ ಕೆಳಗೆ, ಸಣ್ಣ ತ್ರಿಕೋನದ ಬೆಳಕು ಉಳಿದಿರಬೇಕು. ಡಚ್ ಚಿತ್ರಕಾರ ರೆಂಬ್ರಾಂಟ್ ಹೆಸರಿನ ಬೆಳಕು ಅಂದರೆ ಇದೇ. ಕಿರೀಟ, ಭುಜಕೀರ್ತಿಗೆ ಅಂಟಿಸಿದ ಕನ್ನಡಿ ಚೂರುಗಳು ಬೇರೆ ಆಟ ಆಡುತ್ತವೆ. ಬೆಳಕು ಬಿದ್ದ ಕೋನದಲ್ಲೇ ವಾಪಸ್ ಹೋಗುವುದರಿಂದ, ತಲೆ ಒಂದು ಚೂರು ವಾಲಿಸಿದರೆ ಸಾಕು, ಒಂದು ಸಾಲು ಆರಿ ಇನ್ನೊಂದು ಹೊತ್ತಿಕೊಳ್ಳುತ್ತದೆ. ಒಂದೆರಡು ಚೂರು ಪೂರ್ತಿ ಬಿಳಿಯಾದರೂ ನನಗೆ ಇಷ್ಟವೇ. ಮುಖದ ಬಣ್ಣ ಮಾತ್ರ ಸುಟ್ಟುಹೋಗಬಾರದು. ನಮ್ಮ ಸೆಕೆಯಲ್ಲಿ ಬೆವರು ಹಣೆ ಮೇಲೆ ಹೊಳೆಯುವ ಮುಂಚೆ, ಬಣ್ಣ ಹಚ್ಚಿದ ತಕ್ಷಣವೇ ಕೂರಿಸಬೇಕು.

"ಗಂಭೀರವಾಗಿ ನೋಡಿ" ಅಂದರೆ ಯಾರೂ ನೋಡಲ್ಲ, ಪಾಸ್‌ಪೋರ್ಟ್ ಫೋಟೊ ಮುಖ ಬರುತ್ತದೆ ಅಷ್ಟೇ. ಅದಕ್ಕೆ ಮೇಳದ ಸಾರಥಿಯನ್ನೇ (ಆಟದಲ್ಲಿ ಪಾತ್ರಗಳನ್ನು ಮಾತಾಡಿಸುವವರು) ಫ್ಲ್ಯಾಶ್ ಪಕ್ಕ ನಿಲ್ಲಿಸುತ್ತೇನೆ. ಅವರು "ತಾವು ಯಾರು, ತಮ್ಮ ನಾಮಾಂಕಿತವೇನು?" ಅಂತ ಕೇಳುತ್ತಾರೆ. ಪಾತ್ರಧಾರಿ ಉತ್ತರ ಕೊಡಲು ತಾನಾಗಿಯೇ ಬೆಳಕಿನ ಕಡೆ ಮುಖ ತಿರುಗಿಸಿ, ಕಣ್ಣು ಅರಳಿಸುತ್ತಾರೆ. ಆಗ ಕ್ಲಿಕ್ ಮಾಡುತ್ತೇನೆ.