ಫ್ರಿಯೊ ನದಿ ದಂಡೆಯಲ್ಲಿ ಟೆಂಟು ಹಾಕೋಣ ಬನ್ನಿ

ಸ್ಪ್ಯಾನಿಷ್‌ನಲ್ಲಿ ‘ಫ್ರಿಯೊ’ ಅಂದರೆ ತಣ್ಣಗೆ. ಜುಲೈ ತಿಂಗಳ ಟೆಕ್ಸಸ್ ಬಿಸಿಲಲ್ಲಿ ಬೆಂದು ಬಂದವರು ಈ ನದಿಗೆ ಕಾಲಿಟ್ಟ ಕೂಡಲೇ ‘ಅಯ್ಯಯ್ಯೋ’ ಅನ್ನುತ್ತಾರೆ. ಹೆಸರು ಯಾಕೆ ಬಂತು ಎಂದು ಆಮೇಲೆ ಯಾರೂ ಕೇಳುವುದಿಲ್ಲ. ಸ್ಯಾನ್ ಆಂಟೋನಿಯೊದಿಂದ ಪಶ್ಚಿಮಕ್ಕೆ, ಕಾರಿನಲ್ಲಿ ಎರಡು ಗಂಟೆಯೊಳಗೆ ಸಿಗುವ ಗಾರ್ನರ್ ಸ್ಟೇಟ್ ಪಾರ್ಕ್ ಇರುವುದು ಇದರ ಮಗ್ಗುಲಲ್ಲೇ. 1941ರಲ್ಲಿ ತೆರೆದ ಪಾರ್ಕ್ ಇದು. ರೂಸ್‌ವೆಲ್ಟ್ ಕಾಲದ ಉಪಾಧ್ಯಕ್ಷ ಜಾನ್ ನ್ಯಾನ್ಸ್ ಗಾರ್ನರ್ ಪಕ್ಕದ ಯುವಾಲ್ಡಿಯವರು, ಅವರದೇ ಹೆಸರು. ಆಸ್ಟಿನ್, ಹ್ಯೂಸ್ಟನ್ ಕಡೆಯ ಕನ್ನಡದ ಮನೆಗಳಿಗೆ ಲಾಂಗ್ ವೀಕೆಂಡ್‌ಗೆ ಹೇಳಿ ಮಾಡಿಸಿದ ಜಾಗ.

ಮೊದಲು ಜಾಗ ಹಿಡಿಯಿರಿ

ನಾವು ಮೊದಲ ಸಲ ‘ಹೋಗಿ ನೋಡೋಣ, ಏನಾದರೂ ಸಿಗುತ್ತೆ’ ಎಂದು ಹೊರಟಿದ್ದೆವು. ಗೇಟಿನಿಂದಲೇ ವಾಪಸ್. ತಪ್ಪು ನಮ್ಮದೇ. ಕ್ಯಾಂಪ್ ಸೈಟನ್ನು ಐದು ತಿಂಗಳು ಮೊದಲೇ ಬುಕ್ ಮಾಡಬಹುದು, ಬೇಸಿಗೆ ರಜೆಯ ಶನಿವಾರಗಳು ಬೇಗ ಖಾಲಿಯಾಗುತ್ತವೆ. ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೂ ಡೇ ಪಾಸ್ ಇದೆ, ಅದು 30 ದಿನ ಮೊದಲಿನಿಂದ ಸಿಗುತ್ತದೆ. ಸೈಟ್ ಸಿಗಲಿಲ್ಲವೇ? ದಿನಾ ಒಂದು ಸಲ ಸುಮ್ನೆ ವೆಬ್‌ಸೈಟ್ ನೋಡುತ್ತಿರಿ. ಯಾರಾದರೂ ರದ್ದು ಮಾಡಿರುತ್ತಾರೆ.

ಒಂದು ಸೈಟಿಗೆ ಎಂಟೇ ಜನ. ಸೈಟಿನ ಬಾಡಿಗೆ ಬೇರೆ, ತಲೆಗಿಷ್ಟು ಎಂದು ದಿನದ ಪ್ರವೇಶ ಶುಲ್ಕ ಬೇರೆ. 12 ವರ್ಷದವರೆಗಿನ ಮಕ್ಕಳಿಗೆ ಪ್ರವೇಶ ಉಚಿತ. ನನ್ನ ಕೇಳಿದರೆ ಅಕ್ಟೋಬರ್‌ನ ವಾರದ ದಿನ ಹೋಗಿ. ಗದ್ದಲ ಇರುವುದಿಲ್ಲ.

ಗೂಟ, ಸುತ್ತಿಗೆ

ಇಲ್ಲಿ ಎಲ್ಲರೂ ಒದ್ದಾಡುತ್ತಾರೆ. ಈ ಕಡೆಯ ನೆಲವೆಲ್ಲ ಸುಣ್ಣಕಲ್ಲು. ಟೆಂಟಿನ ಜೊತೆ ಬರುವ ತೆಳ್ಳನೆಯ ಗೂಟ ಎರಡೇ ಏಟಿಗೆ ಕೊಕ್ಕೆಯಂತೆ ಬಾಗುತ್ತದೆ. ದಪ್ಪ ಉಕ್ಕಿನ ಗೂಟ, ಒಂದು ಒಳ್ಳೆ ಸುತ್ತಿಗೆ ತನ್ನಿ. ಗೂಟ ನೆಟ್ಟಗೆ ಬೇಡ, ಟೆಂಟಿನಿಂದ ಆಚೆಗೆ ವಾಲಿರಲಿ. ಒಂದು ಕಡೆ ಇಳಿಯದಿದ್ದರೆ ಹಟ ಮಾಡದೆ ನಾಲ್ಕು ಬೆರಳು ಪಕ್ಕಕ್ಕೆ ಹೊಡೆದು ನೋಡಿ. ಅಲ್ಲೂ ಆಗದಿದ್ದರೆ ಹಗ್ಗವನ್ನು ದೊಡ್ಡ ಕಲ್ಲಿಗೆ ಸುತ್ತಿ. ಟೆಂಟಿನ ಕೆಳಗೆ ಹಾಸುವ ಟಾರ್ಪಾಲಿನ ಅಂಚು ಟೆಂಟಿನಿಂದ ಹೊರಗೆ ಇಣುಕಬಾರದು. ಇಣುಕಿದರೆ ಮಳೆನೀರು ಅದರ ಮೇಲೆ ಬಿದ್ದು ನೇರ ನಿಮ್ಮ ಬೆನ್ನಿನ ಕೆಳಗೆ ಬರುತ್ತದೆ.

ಬೆಂಕಿಗೆ ಸುತ್ತಮುತ್ತಲ ಕಟ್ಟಿಗೆ ಆರಿಸುವಂತಿಲ್ಲ, ಕೊಂಡು ತರಬೇಕು. ಒಣಗಾಲದಲ್ಲಿ ಬೆಂಕಿಗೇ ನಿಷೇಧ ಬೀಳುವುದುಂಟು. ಹಾಗಾಗಿ ಸಣ್ಣ ಗ್ಯಾಸ್ ಒಲೆ ಇರಲಿ. ರಾತ್ರಿಗೆ ಬಿಸಿಬೇಳೆಬಾತ್ ಪುಡಿ, ಬೆಳಿಗ್ಗೆಗೆ ಒಗ್ಗರಣೆ ಅವಲಕ್ಕಿ, ಅಷ್ಟು ಸಾಕು. ಮಲಗುವ ಮುಂಚೆ ಊಟದ್ದೆಲ್ಲ ಕಾರಿನೊಳಗೆ ಇಡಿ. ಇಲ್ಲಿ ರಾತ್ರಿ ಓಡಾಡುವ ರಕೂನ್ ಎಂಬ ಪ್ರಾಣಿಗಳಿಗೆ ಕೂಲರ್ ಮುಚ್ಚಳ ತೆಗೆಯುವುದು ಚೆನ್ನಾಗಿ ಗೊತ್ತು. ಊರಿಂದ ಅತ್ತೆ ಕಳಿಸಿದ್ದ ಚಕ್ಕುಲಿ ಡಬ್ಬ ನಮ್ಮ ಕೈಬಿಟ್ಟಿದ್ದು ಹೀಗೇ.

ನೀರಿಗಿಳಿಯುವಾಗ

ದಡದ ತುಂಬ ಬಾಲ್ಡ್ ಸೈಪ್ರೆಸ್ ಮರಗಳು, ಬೇರುಗಳು ನೀರಿನವರೆಗೂ ಇಳಿದಿವೆ. ತಳದ ಕಲ್ಲಿಗೆ ಪಾಚಿ. ಹವಾಯಿ ಚಪ್ಪಲಿ ಬೇಡ, ತೇಲಿ ಹೋಗುತ್ತದೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ. ಗಾಳಿ ತುಂಬಿದ ಟ್ಯೂಬ್ ಮೇಲೆ ಮಲಗಿ ಹರಿವಿನ ಜೊತೆ ಹೋಗುವುದೇ ಇಲ್ಲಿಯ ಮಜಾ. ಮಳೆ ಕೈಕೊಟ್ಟ ವರ್ಷ ನೀರು ತೀರಾ ತೆಳುವಾಗಿ, ಟ್ಯೂಬ್ ಹೊತ್ತುಕೊಂಡು ನಡೆಯಬೇಕಾಗುತ್ತದೆ. ಹೊರಡುವ ಮುಂಚೆ ಪಾರ್ಕಿಗೆ ಫೋನ್ ಮಾಡಿ ಕೇಳಿ.

ಮಳೆ ಜಾಸ್ತಿಯಾದರೆ ಕಥೆ ಬೇರೆ. ಮಣ್ಣು ತೆಳು, ಕೆಳಗೆ ಕಲ್ಲು. ನೀರು ಇಂಗದೆ ನೇರ ನದಿಗೆ ಬರುತ್ತದೆ. ಇದೇ ಗುಡ್ಡಸೀಮೆಯ ಗ್ವಾಡಲೂಪೆ ನದಿ 2025ರ ಜುಲೈ 4ರ ಬೆಳಗಿನ ಜಾವ ಸುಮಾರು 45 ನಿಮಿಷದಲ್ಲಿ 26 ಅಡಿ ಏರಿತು. ನೂರಕ್ಕೂ ಹೆಚ್ಚು ಜನ ಸತ್ತರು. ಆದ್ದರಿಂದ ಮಳೆಯ ಮುನ್ಸೂಚನೆ ಇದ್ದರೆ ದಂಡೆಯ ಸೈಟ್ ಬೇಡ, ಎತ್ತರದಲ್ಲಿರುವುದನ್ನು ಆರಿಸಿ. ರಾತ್ರಿ ಫೋನಿನ ಎಚ್ಚರಿಕೆ ಸದ್ದು ಆಫ್ ಮಾಡಬೇಡಿ. ಸಿಗ್ನಲ್ ಅಷ್ಟಕ್ಕಷ್ಟೇ, ಬ್ಯಾಟರಿ ರೇಡಿಯೊ ಇದ್ದರೆ ಇನ್ನೂ ಒಳ್ಳೆಯದು.

ಸಂಜೆ

ಕಾಲಿಗೆ ಕೆಲಸ ಬೇಕಿದ್ದರೆ ಓಲ್ಡ್ ಬಾಲ್ಡಿ ಗುಡ್ಡ ಹತ್ತಿ. ಅರ್ಧ ಮೈಲಿಯಷ್ಟೇ, ಆದರೆ ಮಂಡಿಗೆ ಗೊತ್ತಾಗುವಷ್ಟು ಕಡಿದು. ಬೇಸಿಗೆ ರಜೆಯಲ್ಲಿ ರಾತ್ರಿ ಹಳೆಯ ಕಲ್ಲಿನ ಪೆವಿಲಿಯನ್ ಮುಂದೆ ಜೂಕ್‌ಬಾಕ್ಸ್ (ಬೇಕಾದ ಹಾಡು ಆರಿಸಿ ಹಾಕುವ ಪೆಟ್ಟಿಗೆ) ಹಾಡಿಗೆ ಕುಣಿತ ಇರುತ್ತದೆ, 1940ರ ದಶಕದಿಂದ ಬಂದ ರೂಢಿ. ಅಜ್ಜ-ಅಜ್ಜಿಯರೂ ಕುಣಿಯುತ್ತಾರೆ, ನಾಚಿಕೆ ಪಡುವವರು ನಮ್ಮಂಥವರೇ.

ಹೊರಡುವ ದಿನ ಟೆಂಟನ್ನು ಒದ್ದೆಯಾಗೇ ಮಡಚಬೇಡಿ. ಬಿಸಿಲು ಬರಲಿಲ್ಲ ಅಂದರೆ ಮನೆಗೆ ಹೋದ ಕೂಡಲೇ ಬಾಲ್ಕನಿಯಲ್ಲಿ ಹರವಿ. ನಮ್ಮದನ್ನು ಎರಡು ವಾರ ಕಾರಿನ ಡಿಕ್ಕಿಯಲ್ಲೇ ಬಿಟ್ಟಿದ್ದೆವು, ಇವತ್ತಿಗೂ ಸ್ವಲ್ಪ ನಾತ ಹೊಡೆಯುತ್ತದೆ.