ಬಾದಾಮಿ–ಹಂಪಿ ದಾರಿಯಲ್ಲಿ ನಾನು ನಿಲ್ಲುವ, ನಿಲ್ಲದ ಜಾಗಗಳು

ಬಾದಾಮಿ, ಪಟ್ಟದಕಲ್ಲು, ಐಹೊಳೆ, ಹಂಪಿ. ಕ್ಯಾಮೆರಾ ಹೆಗಲಿಗೇರಿಸಿ ಈ ಕಡೆ ಕಾರು ತಿರುಗಿಸುವ ಎಲ್ಲರ ಪಟ್ಟಿಯಲ್ಲೂ ಇವೇ ಹೆಸರುಗಳು. ನನ್ನ ಪಟ್ಟಿಯಲ್ಲಿ ಪ್ರತಿ ಹೆಸರಿನ ಪಕ್ಕದಲ್ಲಿ ಇನ್ನೊಂದು ಮಾಹಿತಿ ಇರುತ್ತದೆ: ಯಾವ ದಿಕ್ಕಿಗೆ ಮುಖ? ಅದು ತಿಳಿಯುವವರೆಗೆ ಆ ಜಾಗಕ್ಕೆ ಹೊತ್ತು ಗೊತ್ತುಮಾಡುವುದಿಲ್ಲ.

ಪಟ್ಟದಕಲ್ಲು ಸುಲಭ. ಅಲ್ಲಿನ ವಿರೂಪಾಕ್ಷ, ಮಲ್ಲಿಕಾರ್ಜುನ ದೇವಾಲಯಗಳೆರಡೂ ಪೂರ್ವಾಭಿಮುಖ, ಹಾಗಾಗಿ ಬೆಳಗಿನ ಬಿಸಿಲೇ ಬೇಕು. ಬಾದಾಮಿಯಲ್ಲಿ ತಂಗಿದರೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ನಸುಕಿನಲ್ಲೇ ಹೊರಡುತ್ತೇನೆ. ಹೊತ್ತೇರಿದ ಮೇಲೆ ಮರಳುಗಲ್ಲಿನ ಕೆಂಪು ಬಿಳಿಚಿಕೊಳ್ಳುತ್ತದೆ. ಶಾಲಾ ಪ್ರವಾಸದ ಬಸ್ಸುಗಳೂ ಬಂದಿರುತ್ತವೆ.

ತಕರಾರು ಇರುವುದು ಸಂಜೆಯದ್ದು. ಬಾದಾಮಿಯ ಭೂತನಾಥ ಗುಡಿ ಅಗಸ್ತ್ಯ ತೀರ್ಥವೆಂಬ ಕೆರೆಯ ಪೂರ್ವ ದಂಡೆಯಲ್ಲಿದೆ. ಬೆಳಿಗ್ಗೆ ಸೂರ್ಯ ಬಂಡೆಯ ಹಿಂದಿನಿಂದ ಏರುವುದರಿಂದ ಗುಡಿ ಬಹಳ ಹೊತ್ತು ನೆರಳಿನಲ್ಲೇ ಉಳಿಯುತ್ತದೆ. ಇಳಿಹೊತ್ತಿನಲ್ಲಿ ಮಾತ್ರ ಗುಡಿ, ಹಿಂದಿನ ಕೆಂಬಂಡೆ, ನೀರಿನೊಳಗಿನ ಅದರ ಬಿಂಬ ಒಟ್ಟಿಗೆ ಬೆಳಗುತ್ತವೆ. ಮಳೆಗಾಲ ಮುಗಿದು ಕೆರೆ ತುಂಬಿದ್ದರಂತೂ ಬಿಡಲಾಗದು. ಅತ್ತ ಐಹೊಳೆಯ ದುರ್ಗ ಗುಡಿಯ ಗಜಪೃಷ್ಠ, ಅಂದರೆ ಆನೆಯ ಬೆನ್ನಿನಂತೆ ದುಂಡಗಿರುವ ಹಿಂಭಾಗ, ಇರುವುದು ಪಶ್ಚಿಮಕ್ಕೆ. ಅದಕ್ಕೂ ಸಂಜೆ ಬಿಸಿಲೇ ಸರಿ. ಎರಡನ್ನೂ ಒಂದೇ ಸಂಜೆ ಹಿಡಿಯಲು ಹೊರಟವರಿಗೆ ಸೂರ್ಯಾಸ್ತ ಸಿಗುವುದು ಕಾರಿನ ಗಾಜಿನಾಚೆ. ನಾನು ಭೂತನಾಥನ ಪಕ್ಷ. ಐಹೊಳೆಗೆ ಮಧ್ಯಾಹ್ನ ಹೋಗುತ್ತೇನೆ: ದುರ್ಗ ಗುಡಿಯ ಹೊರ ಪ್ರದಕ್ಷಿಣಾಪಥದ ಶಿಲ್ಪಗಳಿಗೆ ನೆಲದಿಂದ ಪುಟಿದು ಬರುವ ಬೆಳಕು ಸಾಕು.

ಹಂಪಿಯ ಕಡೆಗೆ ಗಜೇಂದ್ರಗಡ, ಕುಷ್ಟಗಿ ದಾರಿ ನನಗಿಷ್ಟ. ಚಳಿಗಾಲದಲ್ಲಿ ಎರೆ ಹೊಲದ ಜೋಳ, ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು. ಇಲ್ಲಿ ಮೊದಲೇ ಗುರುತು ಹಾಕಿಕೊಳ್ಳುವುದಿಲ್ಲ, ಗಂಟೆಯೊಂದನ್ನು ಖಾಲಿ ಬಿಟ್ಟುಕೊಳ್ಳುತ್ತೇನೆ. ಕಾರನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಲು ಜಾಗವಿಲ್ಲದಿದ್ದರೆ ಎಂಥ ದೃಶ್ಯವಾದರೂ ಮುಂದಕ್ಕೆ. ಹೊಲಕ್ಕೆ ಇಳಿಯುವ ಮುನ್ನ ರೈತರನ್ನು ಕೇಳುವುದು ಇದ್ದೇ ಇದೆ.

ಹಂಪಿಯಲ್ಲಿ ಬೆಳಿಗ್ಗೆ ಮಾತಂಗ ಬೆಟ್ಟ. ಪಶ್ಚಿಮಕ್ಕೆ ತಿರುಗಿದರೆ ವಿರೂಪಾಕ್ಷನ ಗೋಪುರದ ಮೇಲೆ ನೇರ ಬಿಸಿಲು, ಕೆಳಗೆ ಉತ್ತರಕ್ಕೆ ಅಚ್ಯುತರಾಯ ದೇವಾಲಯದ ಪ್ರಾಕಾರ. ಮೇಲೆ ಬಂದವರಲ್ಲಿ ಹೆಚ್ಚಿನವರು ಸೂರ್ಯನನ್ನೇ ಹಿಡಿಯುತ್ತಿರುತ್ತಾರೆ. ಒಳ್ಳೆಯ ಚಿತ್ರ ಅವರ ಬೆನ್ನ ಹಿಂದಿರುತ್ತದೆ. ಋತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಹುಟ್ಟುವುದು ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ. ಬೇಸಿಗೆಯಲ್ಲಿ ನೋಡಿಟ್ಟ ನೆರಳು ಚಳಿಗಾಲದಲ್ಲಿ ಅಲ್ಲಿರುವುದಿಲ್ಲ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಅನುಮತಿ ಬೇಕಾಗುವುದರಿಂದ, ಕೈಯಲ್ಲೇ ಹಿಡಿದು ತೆಗೆಯಬಹುದಾದ ಬೆಳಕಿರುವಾಗಲೇ ಆ ಕೆಲಸ ಮುಗಿಸುತ್ತೇನೆ.

ವಿಠ್ಠಲ ದೇವಾಲಯದ ಕಲ್ಲಿನ ರಥ ನನ್ನ ಪಟ್ಟಿಯಲ್ಲಿಲ್ಲ. ಗೆಳೆಯರು ಬೈಯುತ್ತಾರೆ. ಶಿಲ್ಪವಾಗಿ ಅದಕ್ಕೆ ಸಾಟಿಯಿಲ್ಲ, ಒಪ್ಪಿದೆ. ಆದರೆ ಬಂಡೆ, ಬಯಲು, ಹೊಳೆ ಹುಡುಕಿ ಬಂದವನಿಗೆ ಪ್ರಾಕಾರದ ಗೋಡೆಗಳ ನಡುವೆ ಕೆಲಸ ಕಡಿಮೆ. ಆ ಸಂಜೆಯನ್ನು ಹೇಮಕೂಟ ಗುಡ್ಡಕ್ಕೆ ಕೊಡುತ್ತೇನೆ.