ಧರೆಯಲ್ಲಿ ಟರಾಂಟುಲಾ ಹುಡುಕುವುದು: ನನ್ನ ಅನುಭವ

ಉತ್ತರ ಕನ್ನಡದ ಘಟ್ಟದಲ್ಲಿ ಟರಾಂಟುಲಾ ಎಂಬ ದೊಡ್ಡ ರೋಮದ ಜೇಡ ನೋಡಲು ದಟ್ಟ ಕಾಡಿಗೆ ನುಗ್ಗಬೇಕಿಲ್ಲ. ನಾನು ಹುಡುಕುವುದು ರಸ್ತೆ ಪಕ್ಕದ ಧರೆಯಲ್ಲಿ, ಅಂದರೆ ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆಯಲ್ಲಿ. ನೆರಳು, ತಂಪು ಮಣ್ಣು, ಮೇಲಿಂದ ಇಳಿಬಿದ್ದ ಬೇರು ಇದ್ದರೆ ಅರ್ಧ ಕೆಲಸ ಆದ ಹಾಗೆ. ಅಲ್ಲಿ ಬಿಲ ತೋಡಿಕೊಂಡು ಇರುವುದು ಥ್ರಿಗ್ಮೋಪಿಯಸ್ ಟ್ರುಕ್ಯುಲೆಂಟಸ್. 1899ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೊಕಾಕ್ ಹೆಸರಿಟ್ಟ, ಪಶ್ಚಿಮ ಘಟ್ಟದಲ್ಲಿ ಮಾತ್ರ ಸಿಗುವ ಜೇಡ.

ಮೊದಲು ಹಗಲಲ್ಲೇ ಹೋಗಿ ಬಿಲ ಗುರುತು ಮಾಡಿಕೊಳ್ಳುತ್ತೇನೆ. ಧರೆಯ ತೂತೆಲ್ಲ ಜೇಡನದ್ದಲ್ಲ. ಏಡಿ ಬಿಲವಾದರೆ ಬಾಯಲ್ಲಿ ಹಸಿ ಮಣ್ಣಿನ ಉಂಡೆ ಕಾಣುತ್ತದೆ. ಜೇಡನದ್ದಾದರೆ ಅಂಚಿಗೆ ಬಿಳಿ ನೂಲು ಹೊದೆಸಿರುತ್ತದೆ, ಅದಕ್ಕೆ ದರಕು (ಒಣ ಎಲೆ) ಅಂಟಿರುತ್ತದೆ. ಒಂದು ಸಿಕ್ಕರೆ ಅಕ್ಕಪಕ್ಕ ನಿಧಾನ ನೋಡಿ. ಮರಿಗಳು ತಾಯಿಯಿಂದ ಜಾಸ್ತಿ ದೂರ ಹೋಗುವುದಿಲ್ಲ, ಬೆರಳೂ ತೂರದ ಪುಟ್ಟ ಬಿಲಗಳು ಅಲ್ಲೇ ಇರುತ್ತವೆ.

ರಾತ್ರಿ ಮತ್ತೆ ಅದೇ ಜಾಗಕ್ಕೆ. ಇದರ ಕಣ್ಣು ಎಂಟಾದರೂ ನಂಬಿಕೆಯೆಲ್ಲ ಕಾಲಿಗೆ ತಾಗುವ ಅದುರಿನ ಮೇಲೆ. ಹಾಗಾಗಿ ಗಾಡಿ ದೂರ ನಿಲ್ಲಿಸಿ, ಹೆಜ್ಜೆ ಮೆತ್ತಗೆ ಇಡುತ್ತೇನೆ. ಟಾರ್ಚಿಗೆ ಕೆಂಪು ಗಾಜಿನ ಕಾಗದ. ಆಮೇಲೆ ಸುಮ್ನೆ ನಿಲ್ಲುವುದು, ಇಂಬಳ (ಜಿಗಣೆ) ಹತ್ತಿದರೂ ಸಹಿಸಿಕೊಂಡು. ಮೊದಲು ಮುಂಗಾಲಿನ ತುದಿ ಬಿಲದ ಬಾಯಿಗೆ ಬರುತ್ತದೆ. ಹುಳ ನೂಲಿಗೆ ತಾಗಿದರೆ ಎರಗುವುದು ಕ್ಷಣದ ಕೆಲಸ. ಮನೆಯ ಜೇಡಗಳ ಹಲ್ಲು ಇಕ್ಕಳದಂತೆ ಅಡ್ಡಕ್ಕೆ ಕೂಡುತ್ತವೆ. ಇದರದ್ದು ಮೇಲಿಂದ ಕೆಳಕ್ಕೆ ಇಳಿಯುತ್ತವೆ. ಕೆಣಕಿದರೆ ಮುಂಗಾಲೆತ್ತಿ ಆ ಹಲ್ಲನ್ನೇ ತೋರಿಸುತ್ತದೆ. ಅಮೆರಿಕದ ಕೆಲವು ಟರಾಂಟುಲಾಗಳ ಹಾಗೆ ತುರಿಕೆ ರೋಮ ಎರಚಲು ಇದಕ್ಕೆ ಬರುವುದಿಲ್ಲ.

ಫೋಟೊಕ್ಕಾಗಿ ಬಿಲ ಅಗೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹೆಣ್ಣು ವರ್ಷಗಟ್ಟಲೆ ಒಂದೇ ಬಿಲದಲ್ಲಿ ಬಾಳುತ್ತದೆ. ಗಂಡೋ ಹೆಣ್ಣೋ ತಿಳಿಯಲೂ ಅಗೆಯಬೇಕಿಲ್ಲ. ಕಳಚಿದ ಪೊರೆ ಎಷ್ಟೋ ಸಲ ಬಿಲದ ಬಾಯಲ್ಲೇ ಸಿಗುತ್ತದೆ. ಸೋಪು ನೀರಲ್ಲಿ ನೆನೆಸಿ, ಹೊಟ್ಟೆಯ ಭಾಗ ಬಿಡಿಸಿ ಲೆನ್ಸಿನಲ್ಲಿ ನೋಡಿದರೆ ಹೆಣ್ಣಾದರೆ ಗಂಡಿನ ವೀರ್ಯ ಕೂಡಿಡುವ ಚೀಲದ ಗುರುತು ಕಾಣುತ್ತದೆ. ಬೆಳೆದ ಗಂಡಂತೂ ಬಿಲ ಬಿಟ್ಟು ಹೆಣ್ಣು ಹುಡುಕಿಕೊಂಡು ತಿರುಗುತ್ತದೆ, ಆಮೇಲೆ ಹೆಚ್ಚು ದಿನ ಬದುಕುವುದಿಲ್ಲ.

ಪುಸ್ತಕದಲ್ಲಿ ಬಿಲದ ಅಗಲ, ಧರೆಯ ಎತ್ತರ, ನೆರಳು ಬರೆದಿಡುತ್ತೇನೆ. ಫೋಟೊ ಹಂಚುವಾಗ ಜಾಗ ತೋರಿಸುವ ಜಿಪಿಎಸ್ ಗುರುತು ಮಾತ್ರ ತೆಗೆದೇ ಹಾಕುತ್ತೇನೆ. ಸಾಕಲೆಂದು ಭಾರತದ ಟರಾಂಟುಲಾ ಕೊಳ್ಳುವವರು ಹೊರದೇಶಗಳಲ್ಲಿ ಇದ್ದಾರಲ್ವಾ. ರಸ್ತೆ ಅಗಲ ಮಾಡುವಾಗ ಜೆಸಿಬಿ ಕೆರೆಯುವುದೂ ಇದೇ ಧರೆಯನ್ನು.